ಔಷಧಿ ಬರೆಯದವಳ ಚೇಂಬರ್

ಬ್ಯಾಂಕ್ ಅಧಿಕಾರಿಯ ಹೆಂಡತಿಗೆ ನೌಕರಿ ಎಂಬುದು ಇರುವುದಿಲ್ಲ. ಮುಂದಿನ ವರ್ಗಾವಣೆಯ ತನಕ ಹೊತ್ತು ಕಳೆಯಲು ಒಂದು ಕೆಲಸ ಇರುತ್ತದೆ, ಅಷ್ಟೆ. ಮನಃಶಾಸ್ತ್ರ ಓದಿ, ಆಪ್ತಸಮಾಲೋಚನೆಯ ತರಬೇತಿ ಮುಗಿಸಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಾಲೂರುವ ಹೊತ್ತಿಗೆ ಗಂಡನಿಗೆ ನಾಗಪುರಕ್ಕೆ ಆರ್ಡರ್ ಬಂತು. ನಾಗಪುರದ ಶಾಲೆಯಲ್ಲಿ ಮಕ್ಕಳು ನನ್ನನ್ನು ನಂಬಿ ಬಾಯಿ ಬಿಡತೊಡಗಿದಾಗ ಕೋಲ್ಕತ್ತಕ್ಕೆ ಆರ್ಡರ್ ಬಂತು. ಎರಡು ಸಲವೂ ನಗುನಗುತ್ತಾ ರಾಜೀನಾಮೆ ಕೊಟ್ಟು, ಮನೆಗೆ ಬಂದು ಪಾತ್ರೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿದವಳು ನಾನು. ಹೌರಾಕ್ಕೆ ಬರುವ ರೈಲಿನಲ್ಲಿ ಕೂತೇ ನಿರ್ಧರಿಸಿದೆ: ಇನ್ನು ಯಾರ ಕೈಕೆಳಗೂ ಕೆಲಸ ಬೇಡ. ನನ್ನದೇ ಒಂದು ಕೋಣೆ, ನನ್ನದೇ ಬೋರ್ಡು. ಅದನ್ನು ಬಿಟ್ಟು ಎಲ್ಲಿಗೂ ಬರುವುದಿಲ್ಲ.

ಗಂಡನಿಗೆ ಹೇಳಿದೆ. ಅವರು ಸಾಲದ ವಿಭಾಗದವರು. ಅರ್ಜಿ ಹಿಡಿದು ಬಂದವರನ್ನು ನೋಡುವ ಹಾಗೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಒಳ್ಳೇದು ಮಾರಾಯ್ತಿ. ಆದ್ರೆ ಈ ಮನೆ ಬ್ಯಾಂಕಿನವರು ಬಾಡಿಗೆಗೆ ಹಿಡಿದದ್ದು. ಮೂರು ವರ್ಷಕ್ಕೆ ನನಗೆ ಮತ್ತೆ ಆರ್ಡರ್ ಬಂದ ದಿನ ಮನೆಯೂ ಹೋಗ್ತದೆ. ನಿನ್ನ ಕೋಣೆಯ ಬಾಡಿಗೆ, ಮನೆಯ ಬಾಡಿಗೆ, ಎರಡೂ ಯಾರು ಕಟ್ಟುದು?"

"ನಾನೇ ಕಟ್ಟುದು."

"ಮೂರು ವರ್ಷದಲ್ಲಿ?"

"ಮೂರು ವರ್ಷದಲ್ಲಿ."

ಹೀಗೆ ಪಂದ್ಯ ಕಟ್ಟಿದ ಹಾಗಾಯಿತು. ಮುಂದಿನ ಆರ್ಡರ್ ಬರುವಷ್ಟರಲ್ಲಿ ನನ್ನ ಕೆಲಸ ತನ್ನ ಖರ್ಚನ್ನೂ ನನ್ನ ಖರ್ಚನ್ನೂ ಹೊತ್ತರೆ ಸರಿ, ಇಲ್ಲವಾದರೆ ಮತ್ತೆ ಹಳೆ ಪೇಪರು, ಮತ್ತೆ ಪಾತ್ರೆ. ಆಗ ನಮಗೆ ಮಕ್ಕಳಿರಲಿಲ್ಲ. ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯ ಆ ಮನೆಯಲ್ಲಿ ನಾವಿಬ್ಬರು, ಜೊತೆಗೆ ಅತ್ತೆ.

ಮೊದಲು ಮನೆಯಲ್ಲೇ ಶುರು ಮಾಡಿದೆ. ಬೀದಿಗೆ ಮುಖವಿದ್ದ ಕೋಣೆ ಖಾಲಿ ಇತ್ತು. ಬಾಡಿಗೆ ಇಲ್ಲ, ಓಡಾಟದ ಖರ್ಚಿಲ್ಲ. ಎರಡು ಕುರ್ಚಿ ಹಾಕಿ, ಬಂದವರ ಬೆನ್ನ ಹಿಂದೆ ನನಗೆ ಮಾತ್ರ ಕಾಣುವಂತೆ ಗಡಿಯಾರ ತೂಗುಹಾಕಿ, ಇಷ್ಟೇ ತಾನೆ ಎಂದುಕೊಂಡೆ. ಅತ್ತೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅತ್ತೆ ಉಡುಪಿ ಕಡೆಯವರು. ಹೊಸ್ತಿಲು ದಾಟಿ ಬಂದವರು ಆಸರಿಗೆ ಏನೂ ಕುಡಿಯದೆ ವಾಪಸು ಹೋದರೆ ಅವರಿಗೆ ಆ ದಿನ ಊಟ ಸೇರುವುದಿಲ್ಲ. ಮೊದಲು ಬಂದವರು ಬ್ಯಾಂಕಿನ ಬಳಗದ ಒಬ್ಬ ಹೆಂಗಸು, ನಮ್ಮ ಜಿಲ್ಲೆಯವರೇ. ಅವರು ಕುರ್ಚಿಯಲ್ಲಿ ಕೂತು ಇನ್ನೇನು ಬಾಯಿ ತೆರೆಯಬೇಕು, ಅತ್ತೆ ಬೆಲ್ಲದ ತುಂಡೂ ನೀರೂ ತಂದಿಟ್ಟರು. ಹಿಂದೆಯೇ ಕಾಫಿ ಬಂತು. ಅದರ ಹಿಂದೆ, "ನಿಮ್ಮ ತಾಯಿಮನೆ ಎಲ್ಲಿ ಆಯ್ತು? ಹೋ, ಹಾಗಾದ್ರೆ ನಮಗೆ ಹತ್ತಿರವೇ ಉಂಟು" ಎಂದು ಅತ್ತೆಯೇ ಒಂದು ಸ್ಟೂಲು ಎಳೆದು ಕೂತರು. ಅತ್ತೆಯನ್ನು ಹೇಗೋ ಎಬ್ಬಿಸಿ ಬಾಗಿಲು ಹಾಕಿದೆ. ಆ ಹೆಂಗಸು ಮಾತಾಡಿದರು, ಅತ್ತರು, ಹಗುರಾದರು. ಹೊರಡುವಾಗ ಪರ್ಸಿಗೆ ಕೈಹಾಕಿದವರು ನನ್ನ ಮುಖ ನೋಡಿ, ಖಾಲಿ ಲೋಟ ನೋಡಿ, ಬರಿಗೈಯನ್ನೇ ಹೊರಗೆ ತೆಗೆದರು. ಕಾಫಿ ಕುಡಿದ ಮನೆಯಲ್ಲಿ ದುಡ್ಡು ಕೊಡುವುದು ಹೇಗೆ? ಮರುವಾರ ಒಂದು ಕಟ್ಟು ಹಪ್ಪಳ ಕಳಿಸಿದರು. ನಾನಾದರೂ ಬಾಯಿಬಿಟ್ಟು ಕೇಳಿದೆನೇ? ಇಲ್ಲ. ನಾನೂ ಅದೇ ಜಿಲ್ಲೆಯವಳು.

ಆರು ತಿಂಗಳಲ್ಲಿ ನನ್ನ ಸಂಪಾದನೆ ಹಪ್ಪಳ, ಸಂಡಿಗೆ, ಒಂದು ಬಾಟಲಿ ಮಾವಿನಮಿಡಿ ಉಪ್ಪಿನಕಾಯಿ. ಪುಕ್ಕಟೆ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಎಂಬಂತೆ, ಬಂದವರು ಮುಂದಿನ ಸಲ ನಾದಿನಿಯನ್ನೂ ಕರೆತರುತ್ತಿದ್ದರು. ಕೊನೆಗೆ ಒಂದು ದಿನ, ಇನ್ನು ಮೇಲೆ ಕಾಫಿ ಕೊಡಬೇಡಿ ಎಂದು ಅತ್ತೆಗೆ ಹೇಳಿಬಿಟ್ಟೆ. ನನಗೆ ಕೋಪ ಬೇಗ, ಮಾತು ಸ್ವಲ್ಪ ಜೋರಾಗಿಯೇ ಬಂತು.

"ಮನೆಗೆ ಬಂದವರ ಹತ್ರ ದುಡ್ಡು ತಗೊಳ್ಳುದಾ?" ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ಅದಕ್ಕಿಂತ ಒಂದು ಹೋಟೆಲು ಇಡು. ಅಲ್ಲಿ ದುಡ್ಡು ತಗೊಂಡ್ರೆ ನಾಚಿಕೆ ಇಲ್ಲ."

ಅವರ ಮಾತು ಅವರ ದೃಷ್ಟಿಯಲ್ಲಿ ಸರಿಯೇ ಇತ್ತು. ಮನೆ ಮನೆಯೇ. ಬಾಡಿಗೆ ಉಳಿಸಲು ಹೋಗಿ ನಾನು ಅತಿ ದುಬಾರಿಯಾದ ಜಾಗವನ್ನೇ ಹಿಡಿದಿದ್ದೆ. ಹೊರಗೆ ಕೋಣೆ ಹುಡುಕಲು ಹೊರಟೆ.

ಅದು ನಮ್ಮ ಪಕ್ಕದ ಐಟಿ ಕಂಪೆನಿಗಳ ಪ್ರದೇಶವಾದ ಸೆಕ್ಟರ್ ಫೈವ್‌ನಲ್ಲಿ ಬೆಳಗಾದರೆ ಒಂದು ಗಾಜಿನ ಕಟ್ಟಡ ಎದ್ದು ನಿಲ್ಲುತ್ತಿದ್ದ ಕಾಲ. ನ್ಯೂ ಟೌನ್ ಕಡೆ ಹೋದರೆ ಕೆರೆ ಮುಚ್ಚಿದ ಮಣ್ಣಿನ ಮೇಲೆ ಕ್ರೇನುಗಳು, ಮುಂದೆ ಇಲ್ಲಿ ಏನೇನು ಬರುತ್ತದೆ ಎಂದು ತೋರಿಸುವ ದೊಡ್ಡ ದೊಡ್ಡ ಬಣ್ಣದ ಹಲಗೆಗಳು. ದಲಾಲಿಗಳು ಅವತ್ತಿನ ಬಾಡಿಗೆ ಹೇಳುತ್ತಿರಲಿಲ್ಲ, ಐದು ವರ್ಷ ನಂತರದ ಬಾಡಿಗೆಯನ್ನು ಇವತ್ತೇ ಕೇಳುತ್ತಿದ್ದರು. ಬಚ್ಚಲುಮನೆಯಷ್ಟು ಜಾಗಕ್ಕೆ ಅವರು ಹೇಳಿದ ಮೊತ್ತ ಕೇಳಿ, "ಇದರಲ್ಲಿ ಗಾಜು ಎಷ್ಟು, ಗೋಡೆ ಎಷ್ಟು?" ಎಂದು ಕೇಳಿದ್ದೆ. ಗಂಡ ರಿಯಾಯಿತಿ ಬಡ್ಡಿಯ ಸಾಲದ ಬಗ್ಗೆ ಹೇಳಿದರು. ಬೇಡ ಎಂದೆ. ಸಾಲದ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಚಿಂತೆ ಕೇಳಿದರೆ ಕಿವಿಯೆಲ್ಲ ಕಂತಿನ ಕಡೆಗೇ ಇರುತ್ತದೆ.

ಆಗ ಕಣ್ಣಿಗೆ ಬಿದ್ದದ್ದು ನಮ್ಮ ಬ್ಲಾಕಿನ ಮಾರ್ಕೆಟಿನ ಔಷಧಿ ಅಂಗಡಿ. ಆ ಊರಿನಲ್ಲಿ ಡಾಕ್ಟರರು ಸಂಜೆ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಾರೆ. ಅದಕ್ಕೆ ಚೇಂಬರ್ ಎನ್ನುತ್ತಾರೆ. ಸೋಮವಾರ ಎಲುಬಿನವರು, ಬುಧವಾರ ಕಿವಿ ಮೂಗಿನವರು, ಹೀಗೆ ಒಂದೇ ಕುರ್ಚಿ ವಾರವಿಡೀ ಕೈ ಬದಲಾಯಿಸುತ್ತದೆ. ಅಂಗಡಿಯ ಮಾಲೀಕ ಐವತ್ತು ದಾಟಿದ, ದುಂಡು ಮುಖದ, ಹಸನ್ಮುಖಿ ಬಂಗಾಲಿ. ಮಂಗಳವಾರ, ಶುಕ್ರವಾರದ ಸಂಜೆ ಖಾಲಿ ಇದೆ ಎಂದರು. ಬಾಡಿಗೆ ಎಷ್ಟು ಎಂದು ಕೇಳಿದೆ. ನಾಲಿಗೆ ಕಚ್ಚಿಕೊಂಡರು.

"ಛಿ ಛಿ, ದೀದಿ! ಡಾಕ್ಟರರ ಹತ್ತಿರ ಬಾಡಿಗೆ ತಗೊಳ್ಳೋದಾ? ನೀವು ಬಂದು ಕೂರಿ, ಸಾಕು."

ನಾನು ಡಾಕ್ಟರಲ್ಲ, ಬರೀ ಮಾತಾಡುವವಳು ಎಂದು ಹೇಳಿಯೂ ಹೇಳಿದೆ. ಅವರು ಅದನ್ನು ವಿನಯ ಎಂದುಕೊಂಡರು. ಬಂಗಾಲಿಗಳು ಎಷ್ಟು ಒಳ್ಳೆಯವರು ಎಂದು ಮನೆಗೆ ಬಂದು ವರ್ಣಿಸಿದ್ದೇ ವರ್ಣಿಸಿದ್ದು. ಊರೂರಲ್ಲಿ ಹೋಟೆಲು ಕಟ್ಟಿ ಬೆಳೆಸಿದ ಜನ ನಾವು, ಬಿಟ್ಟಿ ಬಂದದ್ದನ್ನು ಮಗುಚಿ ನೋಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಆದರೂ ನಾನು ಮಗುಚಿ ನೋಡಲಿಲ್ಲ.

ಕೋಣೆ ಕೋಣೆಯಂತೇನೂ ಇರಲಿಲ್ಲ. ಅಂಗಡಿಗೂ ಅದಕ್ಕೂ ನಡುವೆ ಇದ್ದದ್ದು ಪ್ಲೈವುಡ್ಡಿನ ಒಂದು ಹಲಗೆ. ಒಳಗೆ ಒಬ್ಬರು ಎಷ್ಟೋ ವರ್ಷ ಯಾರಿಗೂ ಹೇಳದ್ದನ್ನು ಹೇಳಲು ಉಸಿರು ಎಳೆದುಕೊಳ್ಳುತ್ತಿದ್ದರೆ, ಹೊರಗಿನಿಂದ "ದಾದಾ, ಅಂಬಲ್‌ಗೆ ಏನಾದ್ರೂ ಕೊಡಿ" ಎಂಬ ಕೂಗು ಬರುತ್ತಿತ್ತು. ಅಂಬಲ್ ಎಂದರೆ ಹುಳಿತೇಗು. ಆ ಊರಿನಲ್ಲಿ ಎದೆ ಉರಿಯುತ್ತದೆ ಎಂದು ಯಾರಾದರೂ ಹೇಳಿದರೆ ಪ್ರೇಮವೋ ಅಂಬಲ್ಲೋ ಎಂದು ವಿಚಾರಿಸಿಯೇ ಮುಂದುವರಿಯಬೇಕು. ನಮ್ಮ ಹಳೆಯ ಹತ್ತಿಯ ಲೇಪನ್ನು ಆ ಹಲಗೆಯ ಉದ್ದಕ್ಕೂ ತೂಗುಬಿಟ್ಟೆ. ಸದ್ದು ಅರ್ಧ ಇಳಿಯಿತು. ವಾರಕ್ಕೆ ಮೂವರು, ನಾಲ್ವರು ಬರತೊಡಗಿದರು, ಫೀಸೂ ಕೊಟ್ಟರು. ಬದುಕಿದೆ ಎಂದುಕೊಂಡೆ.

ಎರಡನೆಯ ತಿಂಗಳ ಕೊನೆಗೆ ಅಂಗಡಿಯವರು ಚಹಾ ತರಿಸಿ ನನ್ನನ್ನು ಕೂರಿಸಿದರು. ಹಿಂದಿ, ಬಂಗಾಲಿ ಎರಡನ್ನೂ ಬೆರೆಸಿ ಬಹಳ ಮರ್ಯಾದೆಯಿಂದ ಶುರು ಮಾಡಿದರು.

"ದೀದಿ, ನಿಮ್ಮ ಪೇಶೆಂಟುಗಳೆಲ್ಲ ಔಷಧಿ ಎಲ್ಲಿ ತಗೊಳ್ತಾರೆ? ಆ ಮೂಲೆ ಅಂಗಡಿಯವನ ಹತ್ತಿರ ಹೋಗ್ತಿದ್ದಾರಾ?"

"ನಾನು ಔಷಧಿ ಬರೆಯುವುದೇ ಇಲ್ಲವಲ್ಲ."

"ಒಂದೂ ಇಲ್ಲ?"

"ಒಂದೂ ಇಲ್ಲ."

"ಬರೀ ಮಾತು? ಅದಕ್ಕೆ ಅವರು ದುಡ್ಡು ಕೊಡ್ತಾರೆ?" ಅವರ ಕೈಯಲ್ಲಿದ್ದ ಮಣ್ಣಿನ ಲೋಟ ಅಲ್ಲೇ ನಿಂತಿತು. ಬೀದಿಗೊಂದು ಹರಟೆಕಟ್ಟೆ ಇರುವ ಊರು ಅದು; ಗಂಟೆಗಟ್ಟಲೆ ಮಾತು, ಅದೂ ಚಹಾದ ಜೊತೆ, ಅಲ್ಲಿ ಎಲ್ಲರ ಜನ್ಮಸಿದ್ಧ ಹಕ್ಕು. ಅದಕ್ಕೆ ಬೆಲೆ ಕಟ್ಟಿದವಳನ್ನು ಅವರು ಕಂಡಿರಲಿಲ್ಲ.

ನನಗೂ ಆಗಲೇ ತಲೆಗೆ ಹೋದದ್ದು. ಡಾಕ್ಟರರು ಬಾಡಿಗೆ ಕೊಡುವುದಿಲ್ಲ, ಏಕೆಂದರೆ ಅವರು ಬರೆದ ಚೀಟಿ ನೇರ ಮುಂದಿನ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಎರಡು ತಿಂಗಳಿಂದ ನಾನು ಅಂಗಡಿಯವರ ದೀಪ ಉರಿಸಿ, ಫ್ಯಾನು ತಿರುಗಿಸಿ ಒಂದು ಮಾತ್ರೆಯ ವ್ಯಾಪಾರವನ್ನೂ ಕೊಟ್ಟಿರಲಿಲ್ಲ. ಮನುಷ್ಯ ಸಿಡುಕಲಿಲ್ಲ. ಉಪಾಯ ಹೇಳಿಕೊಟ್ಟರು.

"ಒಂದು ಟಾನಿಕ್ ಬರೆದುಬಿಡಿ ದೀದಿ. ಟಾನಿಕ್ ಕುಡಿದು ಯಾರೂ ಸತ್ತಿಲ್ಲ."

"ಅದಾಗುವುದಿಲ್ಲ. ನನಗೆ ಬರೆಯುವ ಹಕ್ಕೂ ಇಲ್ಲ, ಮನಸ್ಸೂ ಇಲ್ಲ."

"ಹಾಗಾದ್ರೆ ದುರ್ಗಾಪೂಜೆ ಮುಗಿದ ಮೇಲೆ ಮಂಗಳವಾರ, ಶುಕ್ರವಾರಕ್ಕೆ ಚರ್ಮದ ಡಾಕ್ಟರು ಬರ್ತಾರೆ. ತಪ್ಪು ತಿಳೀಬೇಡಿ. ಅವರು ಒಬ್ಬರಿಗೇ ಮೂರು ಮುಲಾಮು ಬರೀತಾರೆ."

ತಪ್ಪು ತಿಳಿಯಲು ಏನಿದೆ? ಅವರದು ಅಂಗಡಿ. ಆದರೆ ನನ್ನ ಮೂರು ವರ್ಷದಲ್ಲಿ ಒಂದು ವರ್ಷ ಕರಗುತ್ತಾ ಬಂದಿತ್ತು. ಆ ವರ್ಷದ ಪೂಜೆಯಲ್ಲಿ ಪೆಂಡಾಲಿನಿಂದ ಪೆಂಡಾಲಿಗೆ ಗಂಡ, ಅತ್ತೆ ಜೊತೆ ಸುತ್ತುವಾಗ ಢಾಕ್ ಎಂಬ ಡೋಲಿನ ಸದ್ದಿನ ನಡುವೆಯೂ ಉಳಿದ ತಿಂಗಳುಗಳನ್ನೇ ಎಣಿಸುತ್ತಿದ್ದೆ. ಹೆದರಿದ್ದೆ. ಹಾಗಂತ ಕೈಕಟ್ಟಿ ಕೂರುವ ಜಾತಿ ನನ್ನದಲ್ಲ.

ದಾರಿ ಸಿಕ್ಕಿದ್ದು ಹಾಲು ತರಲು ಹೋದಾಗ. ಮಾರ್ಕೆಟಿನ ಮೂಲೆಯ ಚಹಾದಂಗಡಿಯ ಎದುರು ದಿನಾ ಬೆಳಗ್ಗೆ ಸೆಕ್ಟರ್ ಫೈವ್‌ನ ಆಫೀಸಿನ ಗಾಡಿಗಳು ನಿಲ್ಲುತ್ತಿದ್ದವು. ಇಡೀ ರಾತ್ರಿ ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡಿದ ಹುಡುಗ ಹುಡುಗಿಯರು, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡೇ ಇಳಿಯುತ್ತಿದ್ದರು. ಮನೆ ಎರಡು ಹೆಜ್ಜೆ ದೂರವಿದ್ದರೂ ಹೋಗುತ್ತಿರಲಿಲ್ಲ. ಒಂದು ಚಹಾ, ಇನ್ನೊಂದು ಚಹಾ, ಒಂದು ಸಿಗರೇಟು. ಮನೆಯಲ್ಲಿ ಎಲ್ಲರೂ ಏಳುವ ಹೊತ್ತು ಇವರಿಗೆ ಮಲಗುವ ಹೊತ್ತು. ಮಾತಾಡಲು ಯಾರೂ ಇಲ್ಲ. ಸಂಬಳ ಮಾತ್ರ ಅಪ್ಪಂದಿರ ನಿವೃತ್ತಿಯ ಸಂಬಳಕ್ಕಿಂತ ಹೆಚ್ಚು. ನಾನು ಹಾಲಿನ ಪಾಕೀಟು ಹಿಡಿದು ಅವರನ್ನು ನೋಡುತ್ತಾ ನಿಂತೆ. ಅವರ ಬೆನ್ನಿಗೇ ನನ್ನ ಔಷಧಿ ಅಂಗಡಿ. ಶಟರ್ ಮುಚ್ಚಿತ್ತು. ಹತ್ತು ಗಂಟೆಯ ಮೊದಲು ತೆರೆಯುವುದಿಲ್ಲ, ಚೇಂಬರಿನ ಬೀಗವಂತೂ ಸಂಜೆಯೇ ತೆಗೆಯುವುದು.

ಅಂದೇ ಹೋಗಿ ಅಂಗಡಿಯವರಿಗೆ ಹೇಳಿದೆ. "ಸಂಜೆ ನಿಮ್ಮ ಚರ್ಮದ ಡಾಕ್ಟರಿಗೇ ಇರಲಿ. ನನಗೆ ದಿನಾ ಬೆಳಗ್ಗೆ ಆರೂವರೆಯಿಂದ ಹತ್ತರ ತನಕ ಕೊಡಿ. ಬಾಡಿಗೆ ಕೊಡ್ತೇನೆ."

ಅವರು ಪಕಪಕ ನಕ್ಕರು. "ಬೆಳಗ್ಗೆ ಆರೂವರೆಗೆ ಯಾವ ಬಂಗಾಲಿ ಬರ್ತಾನೆ ದೀದಿ? ಆ ಹೊತ್ತಿಗೆ ನಾವು ಹೊಟ್ಟೆಯ ಚಿಂತೆ ಬಿಟ್ಟು ಬೇರೆ ಚಿಂತೆ ಮಾಡೋದಿಲ್ಲ."

"ಬಾರದಿದ್ದರೆ ನಷ್ಟ ನನ್ನದು. ಖಾಲಿ ಬಿದ್ದ ಕೋಣೆಗೆ ಬಾಡಿಗೆ ಬಂದರೆ ನಿಮಗೆ ಕಹಿಯೇ?"

ಅವರು ಒಂದು ಮೊತ್ತ ಹೇಳಿದರು, ನಾನು ಅದರ ಅರ್ಧ ಹೇಳಿದೆ. ಮೀನು ಮಾರುಕಟ್ಟೆಯಲ್ಲಿ ಪಳಗಿದವಳು ನಾನು, ಹೋಗುವ ಹಾಗೆ ಎರಡು ಹೆಜ್ಜೆ ಇಡುವುದೂ ಗೊತ್ತು. ನಡುವೆ ಎಲ್ಲೋ ಕುದುರಿತು, ಕರೆಂಟು ಸೇರಿಸಿ. ಸೆಕ್ಟರ್ ಫೈವ್‌ನ ದಲಾಲಿ ಹೇಳಿದ ಬಾಡಿಗೆಯ ಎದುರು ಅದು ಚಿಲ್ಲರೆ. ಮೊದಲ ಎರಡು ವಾರ ಅವರೇ ಮಂಕಿ ಟೋಪಿ ಹಾಕಿ, ಶಾಲು ಹೊದ್ದು, ಆಕಳಿಸುತ್ತಾ ಬಂದು ಹಿಂದಿನ ಓಣಿಯ ಬಾಗಿಲು ತೆರೆದರು. ಆಮೇಲೆ ಚಳಿಗೆ ಸೋತು ಬೀಗದ ಕೈಯನ್ನೇ ಕೊಟ್ಟರು. ಬೆಳಗ್ಗೆ ಅಂಗಡಿ ಮುಚ್ಚಿರುವುದರಿಂದ ಅಂಬಲ್‌ನವರ ಕೂಗೂ ಇರಲಿಲ್ಲ.

ಒಂದು ಕಂಪೆನಿಯಲ್ಲಿ ನಿದ್ದೆಗೆಡುವವರ ಆರೋಗ್ಯದ ಬಗ್ಗೆ ಒಂದು ಭಾಷಣ ಮಾಡಿ ನನ್ನ ಕಾರ್ಡು ಬಿಟ್ಟುಬಂದೆ. ಆ ಒಂದು ಭಾಷಣ ಮಾತ್ರ ಬಿಟ್ಟಿ. ಮೊದಲು ಒಬ್ಬ ಹುಡುಗಿ ಬಂದಳು. ಆಮೇಲೆ ಅವಳ ಗಾಡಿಯಲ್ಲಿ ಬರುವ ಇನ್ನೊಬ್ಬ. ಒಂದೇ ಗಾಡಿಯಲ್ಲಿ ಕೂತು ಬರುವವರು ಬೇರೆ ಏನನ್ನೂ ಹೇಳದಿದ್ದರೂ ಎಲ್ಲಿಗೆ ಹೋದರೆ ಹಗುರಾಗುತ್ತದೆ ಎಂಬುದನ್ನು ಹೇಳಿಕೊಳ್ಳುತ್ತಾರೆ. ಅವರೆಲ್ಲ ಆ ಕೋಣೆಯಲ್ಲಿ ಹೇಳಿದ್ದನ್ನು ನಾನು ಎಲ್ಲಿಯೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಜನ ಬಂದರು, ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಊರಿನ ಇನ್ನೊಂದು ತುದಿಯ ಅಲಿಪುರದಲ್ಲಿ ಒಬ್ಬರು ಹಿರಿಯ ಚಿಕಿತ್ಸಕಿ ಇದ್ದರು. ತಿಂಗಳಿಗೆರಡು ಸಲ ಅವರ ಬಳಿ ಹೋಗಿ ನನ್ನ ಕೆಲಸ ಒಪ್ಪಿಸಿ ತಿದ್ದಿಸಿಕೊಳ್ಳುತ್ತಿದ್ದೆ; ನಮ್ಮ ವೃತ್ತಿಯಲ್ಲಿ ಅದು ಬಿಡಬಾರದ ಖರ್ಚು. ಅವರಿಗೆ ಅಳಲು ಹೇಳಿಕೊಂಡೆ. ಅವರು ನನ್ನ ಫೀಸು ಹೇಗೆ ಲೆಕ್ಕ ಹಾಕಿದೆ ಎಂದು ಕೇಳಿದರು. ಬಾಡಿಗೆ, ಆಟೋ, ಫೋನು, ನಿಮ್ಮ ಫೀಸು ಎಂದು ಹೇಳುತ್ತಾ ಹೋದೆ.

"ನಿನ್ನ ಸಂಬಳ ಎಲ್ಲಿ?" ಎಂದರು. "ಜ್ವರ ಬಂದು ಮಲಗುವ ದಿನಗಳು ಎಲ್ಲಿ? ಬರುತ್ತೇನೆಂದು ಹೇಳಿ ಬಾರದವರ ಗಂಟೆ ಎಲ್ಲಿ? ನಿನ್ನನ್ನು ನಿನ್ನ ಗಂಡ ಸಾಕುತ್ತಿದ್ದಾರೆ, ಅದರಲ್ಲಿ ನೀನು ಕಂಪೆನಿ ಹುಡುಗರಿಗೆ ದಾನ ಮಾಡುತ್ತಿದ್ದೀ."

ಮುಖಕ್ಕೆ ಹೊಡೆದ ಹಾಗಾಯಿತು, ಆದರೆ ಹೊಡೆತ ಸರಿಯಾದ ಜಾಗಕ್ಕೇ ಬಿದ್ದಿತ್ತು. ಬರುವಾಗ ಮಿನಿಬಸ್ಸಿನಲ್ಲಿ ಕೂತು ಎಲ್ಲವನ್ನೂ ಸೇರಿಸಿ ಮನಸ್ಸಿನಲ್ಲೇ ಮತ್ತೆ ಕೂಡಿದೆ. ಗಂಡನಿಲ್ಲದ ಮನೆಯ ಬಾಡಿಗೆಯನ್ನೂ ಸೇರಿಸಿದೆ. ಬಂದ ಮೊತ್ತ ನೋಡಿ ನನಗೇ ನಗು ಬಂತು. ಆ ಮೊತ್ತವನ್ನು ಬಾಯಿಬಿಟ್ಟು ಹೇಳುವುದು ಬಿಸಿ ಗೆಣಸನ್ನು ನಾಲಿಗೆಯ ಮೇಲೆ ಇಟ್ಟುಕೊಂಡ ಹಾಗೆ. ಕನ್ನಡಿಯ ಎದುರು ನಿಂತು ಅಭ್ಯಾಸ ಮಾಡಿದೆ. ಮೊದಲ ಸಲ ಹೇಳಿದಾಗ ಎದುರಿದ್ದ ಹುಡುಗಿ, "ಓಕೆ ಮ್ಯಾಮ್, ಗುರುವಾರ?" ಎಂದಳು. ಅಷ್ಟೇ! ಇದಕ್ಕೆ ನಾನು ಒಂದೂವರೆ ವರ್ಷ ಹೆದರಿದ್ದೆ. ಕೊಡಲಾಗದವರಿಗೆ ಅಂತ ದಿನಕ್ಕೆ ಒಂದು ಗಂಟೆ ಕಡಿಮೆ ಫೀಸಿಗೆ ಇಟ್ಟುಕೊಂಡೆ, ಅದನ್ನು ತಿಳಿದೇ ಇಟ್ಟುಕೊಂಡೆ. ಹೇಳದೆ ತಪ್ಪಿಸಿದರೆ ಅರ್ಧ ಫೀಸು ಎಂದು ಗೋಡೆಗೆ ಅಂಟಿಸಿದೆ. ನಿದ್ದೆ ಬಾರದೆಂದು ಬರುತ್ತಿದ್ದ ಒಬ್ಬ ಹುಡುಗ ಒಂದು ದಿನ ಬರಲಿಲ್ಲ. ಯಾಕಪ್ಪಾ ಎಂದರೆ ಗಾಢ ನಿದ್ದೆ ಬಂತಂತೆ. ಸಂತೋಷ ಎಂದು ಹೇಳಿ ಅರ್ಧ ಫೀಸು ತೆಗೆದುಕೊಂಡೆ. ಅವನೂ ನಗುತ್ತಾ ಕೊಟ್ಟ.

ಹಪ್ಪಳ ಕಳಿಸಿದ ಆ ಹೆಂಗಸು ಒಂದು ಬೆಳಗ್ಗೆ ಚೇಂಬರಿಗೆ ಬಂದರು. ಮುಗಿದ ಮೇಲೆ ಪೂರ್ತಿ ಫೀಸು ಮೇಜಿನ ಮೇಲಿಟ್ಟು, "ಇದೇ ಒಳ್ಳೇದು. ನಿಮ್ಮ ಮನೆಯಲ್ಲಾದ್ರೆ ಅರ್ಧ ಹೊಟ್ಟೆಯಲ್ಲೇ ಉಳೀತಿತ್ತು. ಕಾಫಿ ಕೊಟ್ಟವರ ಎದುರು ಎಲ್ಲಾ ಹೇಳ್ಲಿಕ್ಕೆ ಆಗ್ತದಾ?" ಎಂದರು. ಅಂದಿನಿಂದ ಫೀಸು ಹೇಳುವಾಗ ನನ್ನ ದನಿ ತಗ್ಗಿಲ್ಲ.

ಅತ್ತೆಯೂ ಬದಲಾದರು, ಆದರೆ ಅವರದೇ ರೀತಿಯಲ್ಲಿ. ಹತ್ತೂವರೆಗೆ ನಾನು ಹಿಂತಿರುಗುವಾಗ ದೋಸೆ ಬಿಸಿಯಾಗಿರುತ್ತಿತ್ತು. ಯಾರು ಬಂದಿದ್ದರು ಎಂದು ಕೇಳುತ್ತಿರಲಿಲ್ಲ. ಎಷ್ಟು ಜನ ಬಂದಿದ್ದರು ಎಂದು ಮಾತ್ರ ಕೇಳಿ, ಹೆಚ್ಚಿದ್ದರೆ ಒಂದು ದೋಸೆ ಹೆಚ್ಚು ಹಾಕುತ್ತಿದ್ದರು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಗಂಡ ಒಂದು ಸಂಜೆ ಬೇಗ ಬಂದರು. ಚಪ್ಪಲಿ ಕಳಚುತ್ತಾ, "ಭೋಪಾಲ್" ಎಂದರು. ಬ್ಯಾಂಕಿನವರ ಮನೆಯಲ್ಲಿ ಅಷ್ಟು ಹೇಳಿದರೆ ಸಾಕು.

ನೀರಿನ ಲೋಟ ತಂದು ಅವರ ಕೈಗೆ ಕೊಟ್ಟೆ. ಆಮೇಲೆ ನಾನೇ ಹೇಳಿದೆ. "ಬ್ಯಾಂಕಿನವರು ಬಿಟ್ಟುಕೊಟ್ಟ ಮೇಲೆ ಈ ಮನೆಯನ್ನು ನನ್ನ ಹೆಸರಿಗೆ ಬಾಡಿಗೆಗೆ ಕೊಡ್ತೀರಾ ಅಂತ ಮಾಲೀಕರನ್ನು ಕೇಳಿ ಆಗಿದೆ. ಒಪ್ಪಿದ್ದಾರೆ. ಮುಂಗಡವನ್ನೂ ಕೊಟ್ಟಿದ್ದೇನೆ."

"ನಿನ್ನ ದುಡ್ಡಲ್ಲಿ?"

"ನನ್ನ ದುಡ್ಡಲ್ಲಿ."

ಅವರು ಸಾಲದ ವಿಭಾಗದವರಂತೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ ಎಂದು ಕಾದೆ, ಎಲ್ಲದಕ್ಕೂ ಉತ್ತರ ತಯಾರಿತ್ತು. ಅವರು ಕೇಳಲಿಲ್ಲ. "ಹಾಗಾದ್ರೆ ನಾನೂ ಅಮ್ಮನೂ ಹೋಗುದು" ಎಂದು ಮೆಲ್ಲಗೆ ಅಂದರು. ಗೆದ್ದಿದ್ದೆ, ಅವರು ನನಗೆ ತುಂಬಾ ಬೇಕಾದವರೂ ಆಗಿದ್ದರು, ಎರಡೂ ನಿಜ. ಇನ್ನೊಂದು ಕ್ಷಣ ತಡವಾಗಿದ್ದರೆ, ಬೇಡ, ನಾನೂ ಬರುತ್ತೇನೆ ಎಂದು ಹೇಳಿಬಿಡುತ್ತಿದ್ದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. "ನನ್ನ ಸೀರೆ ಯಾರೂ ಪೆಟ್ಟಿಗೆಗೆ ಹಾಕ್ಬೇಡಿ. ನಾನು ಇಲ್ಲಿಯೇ ಇರುದು."

"ಅಮ್ಮಾ, ನೀವು ನನ್ನೊಟ್ಟಿಗಲ್ವಾ?"

"ಇವಳು ಬೆಳಗ್ಗೆ ಆರು ಗಂಟೆಗೆ ಹೊರಟ್ರೆ ಬರುವಾಗ ಹೊಟ್ಟೆಗೆ ಎಂತದ್ದೂ ಇರುದಿಲ್ಲ. ಮನೆ ನೋಡುವವರು ಒಬ್ಬರು ಬೇಡ್ವಾ?"

"ನನಗೆ ಬೇಡ್ವಾ?"

"ನಿನಗೆ ಬ್ಯಾಂಕಿನವರು ಊಟದ ವ್ಯವಸ್ಥೆ ಮಾಡ್ತಾರೆ ಮಗ. ಇವಳಿಗೆ ಯಾರು ಮಾಡ್ತಾರೆ?"

ಗಂಡ ಗೋಡೆಯ ಕ್ಯಾಲೆಂಡರ್ ಇಳಿಸಿ ಮುಂದಿಟ್ಟುಕೊಂಡು ಕೂತರು. ರಜೆ, ರೈಲು, ಹಬ್ಬ ಎಲ್ಲದರ ಬಗ್ಗೆಯೂ ಅಂದು ಮಾತಾಯಿತು. ಭೋಪಾಲಿನಿಂದ ಮುಂದಿನ ಸಲ ಇಲ್ಲಿಗೇ ಕೇಳಿಕೊಂಡು ಬರುತ್ತೇನೆ ಎಂದರು.

ಮರುದಿನ ಸಾಮಾನು ಸಾಗಿಸುವವರಿಗೆ ಅವರೇ ಫೋನು ಮಾಡಿದರು. ನಾನೂ ಅತ್ತೆಯೂ ಅಲ್ಲೇ ಬಟ್ಟೆ ಮಡಚುತ್ತಿದ್ದೆವು. ಆ ಕಡೆಯವನು ಯಾವಾಗಿನಂತೆ ಕೇಳಿರಬೇಕು, ಫ್ಯಾಮಿಲಿ ಶಿಫ್ಟಿಂಗಾ, ಎಷ್ಟು ದೊಡ್ಡ ಲಾರಿ ಬೇಕು ಎಂದು. ಗಂಡ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು.

"ಇಲ್ಲ, ಫ್ಯಾಮಿಲಿ ಇಲ್ಲೇ ಇರ್ತದೆ" ಎಂದರು. "ಹೋಗುವವನು ನಾನು ಒಬ್ಬನೇ."